ಮರಳಿ ಬಂದ ರಕ್ತ

ಹೋದ ಪ್ರಾಣ ಮರಳಿ ಬಂದಂತಾಯಿತೆಂದು ನಾವು ಆಡುವುದುಂಟು. ಮರಳಿ ಬರುವುದೆಲ್ಲ ಮಂಗಳಕರವೆಂಬ ನಂಬಿಕೆ ಆ ಮಾತಿನ ಹಿಂದಿದೆ. ಮುಚ್ಚಿಹೋದ ರಕ್ತನಾಳವನ್ನು ಶಸ್ತ್ರವೈದ್ಯರು ತೆರೆದು, ಬಿಳಿಚಿ ತಣ್ಣಗಾದ ಕಾಲಿಗೆ ಮತ್ತೆ ರಕ್ತವನ್ನು ಹರಿಸಿದಾಗ ಆಗುವುದೂ ಮಂಗಳವೇ. ಆದರೆ ಹಾಗೆ ಮರಳಿದ ರಕ್ತವೇ ಕೆಲವೊಮ್ಮೆ ಅಂಗಾಂಶವನ್ನು ಕೆಡಿಸುತ್ತದೆ. ಈ ಕೇಡು ಬೆಳಕಿಗೆ ಬಂದ ಬಗೆಯನ್ನೂ, ಅದನ್ನು ತಡೆಯಲು ಜೀವಸತ್ವಗಳ ಮೇಲೆ ಇಟ್ಟ ಭರವಸೆ ಏನಾಯಿತೆಂಬುದನ್ನೂ ಕುರಿತು ನಾನು ನಾಲ್ಕು ಮಾತು ಹೇಳಬಯಸುತ್ತೇನೆ.

1894ರಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೊ ಅವರನ್ನು ಲಿಯಾನ್ ನಗರದಲ್ಲಿ ಒಬ್ಬ ಹಂತಕ ಇರಿದ. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳವೊಂದು ಕತ್ತರಿಸಿಹೋಗಿತ್ತು. ಅದನ್ನು ಹೊಲಿಯುವ ವಿದ್ಯೆ ಅಂದಿನ ವೈದ್ಯರಲ್ಲಿ ಇರಲಿಲ್ಲ. ಅದೇ ಊರಿನಲ್ಲಿ ವೈದ್ಯಶಾಸ್ತ್ರ ಓದುತ್ತಿದ್ದ ಅಲೆಕ್ಸಿಸ್ ಕ್ಯಾರೆಲ್‌ನ ಮನಸ್ಸು ಈ ಕೊರತೆಯ ಕಡೆಗೆ ತಿರುಗಿತು. ಕಸೂತಿಯ ಹೆಣ್ಣುಮಗಳೊಬ್ಬಳಿಂದ ಆತ ನವಿರಾದ ಸೂಜಿಯ ಕೆಲಸವನ್ನು ಕಲಿತ. ತುಂಡಾದ ನಾಳದ ದುಂಡುಬಾಯಿಯನ್ನು ಮೂರು ಕಡೆ ದಾರದಿಂದ ಎಳೆದು ತ್ರಿಕೋನವಾಗಿಸಿ, ಒಂದೊಂದೇ ಅಂಚನ್ನು ಹೊಲಿಯುವ ಅವನ ವಿಧಾನ 1902ರಲ್ಲಿ ಪ್ರಕಟವಾಯಿತು. 1912ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. 1948ರಲ್ಲಿ ಪ್ಯಾರಿಸಿನ ಕುನ್ಲಿನ್ ರೋಗಿಯದೇ ಅಭಿಧಮನಿಯಿಂದ ಕಾಲಿನ ಮುಚ್ಚಿದ ಅಪಧಮನಿಗೆ ಸುತ್ತುದಾರಿ ಕಟ್ಟಿದ. 1963ರಲ್ಲಿ ಅಮೆರಿಕದ ಫೋಗರ್ಟಿ, ತುದಿಯಲ್ಲಿ ಪುಟ್ಟ ಬಲೂನುಳ್ಳ ಕೊಳವೆಯಿಂದ ಹೆಪ್ಪನ್ನು ಹೊರಗೆಳೆಯುವ ಉಪಾಯವನ್ನು ಪ್ರಕಟಿಸಿದ.

ನಾಳವೇನೋ ತೆರೆಯಿತು. ಆದರೆ ತೆರೆದ ಮೇಲೆ ಕಾದಿರುವ ಅಪಾಯದ ಸುಳಿವು ಯುದ್ಧಕಾಲದ ಲಂಡನ್ನಿನಲ್ಲಿ ಆಗಲೇ ಸಿಕ್ಕಿತ್ತು. ಬಾಂಬಿಗೆ ಉರುಳಿದ ಮನೆಗಳಡಿ ಕೈಕಾಲು ಸಿಕ್ಕಿಕೊಂಡವರನ್ನು ಹೊರತೆಗೆದಾಗ ಅವರು ಚೇತರಿಸಿಕೊಂಡಂತೆಯೇ ತೋರುತ್ತಿದ್ದರು. ಬಳಿಕ ಅದುಮಿಹೋಗಿದ್ದ ಅಂಗ ಬಾತುಕೊಂಡು, ಮೂತ್ರಪಿಂಡಗಳು ಸೋತು, ಕೆಲವೇ ದಿನಗಳಲ್ಲಿ ಸಾಯುತ್ತಿದ್ದರು. ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರು 1941ರಲ್ಲಿ ಇದನ್ನು ವರ್ಣಿಸಿದರು. ಭಾರ ಇಳಿದು ರಕ್ತ ಮರಳಿದ ಮೇಲೆಯೇ ಕೇಡು ಮೈಯೆಲ್ಲ ಹರಡುತ್ತಿತ್ತು.

ಏಕೆ ಹೀಗೆ? ಜೀವಕೋಶದ ಶಕ್ತಿಯ ನಾಣ್ಯ ಎಟಿಪಿ ಎಂಬ ವಸ್ತು. 1929ರಲ್ಲಿ ಅದನ್ನು ಸ್ನಾಯುವಿನಲ್ಲಿ ಗುರುತಿಸಿದವರಲ್ಲಿ ನಮ್ಮ ದೇಶದ ಯಲ್ಲಾಪ್ರಗಡ ಸುಬ್ಬರಾವ್ ಅವರೂ ಒಬ್ಬರೆಂಬುದು ಸಂತೋಷದ ಸಂಗತಿ. ರಕ್ತ ನಿಂತಾಗ ಎಟಿಪಿ ಒಡೆದು, ಅದರ ಚೂರುಗಳು ಕೋಶದಲ್ಲಿ ಗುಡ್ಡೆಯಾಗುತ್ತವೆ. ರಕ್ತದೊಡನೆ ಆಮ್ಲಜನಕ ನುಗ್ಗಿದೊಡನೆ ಒಂದು ಕಿಣ್ವವು ಆ ಚೂರುಗಳನ್ನು ಸುಡುತ್ತ ಸೂಪರಾಕ್ಸೈಡ್ ಎಂಬ ಉಗ್ರರೂಪದ ಆಮ್ಲಜನಕವನ್ನು ಹುಟ್ಟಿಸುತ್ತದೆ. ಈ ಸೂಪರಾಕ್ಸೈಡನ್ನು ಅಡಗಿಸುವ ಇನ್ನೊಂದು ಕಿಣ್ವವೂ ದೇಹದಲ್ಲಿದೆಯೆಂದು 1969ರಲ್ಲಿ ಮೆಕ್ಕಾರ್ಡ್ ಮತ್ತು ಫ್ರಿಡೋವಿಚ್ ತೋರಿಸಿದ್ದರು. 1981ರಲ್ಲಿ ಗ್ರೇಂಜರ್ ಮತ್ತು ಸಂಗಡಿಗರು ಅದೇ ಕಿಣ್ವವನ್ನು ಕೊಟ್ಟು, ರಕ್ತ ನಿಂತು ಹರಿದ ಬೆಕ್ಕಿನ ಕರುಳಿನಲ್ಲಿ ಹಾನಿ ತಗ್ಗುವುದನ್ನು ಕಂಡರು.

ಇಲ್ಲಿಂದ ಜೀವಸತ್ವಗಳಿಗೆ ಒಂದೇ ಹೆಜ್ಜೆ. ಸಿ ಜೀವಸತ್ವ ಕೋಶದ ನೀರಿನಂಶದಲ್ಲಿಯೂ, ಇ ಜೀವಸತ್ವ ಕೋಶಪೊರೆಯ ಕೊಬ್ಬಿನಲ್ಲಿಯೂ ಇಂಥ ಉಗ್ರಕಣಗಳನ್ನು ತಣಿಸಬಲ್ಲವು. ಅಗ್ಗದ, ಪರಿಚಿತ ವಸ್ತುಗಳು. ಶಸ್ತ್ರಕ್ರಿಯೆಗೆ ಮುಂಚೆ ಕೊಟ್ಟರೆ ಕಾಲು ಉಳಿದೀತು, ಪ್ರಾಣ ಉಳಿದೀತು! ತರ್ಕದಲ್ಲಿ ಎಲ್ಲಿಯೂ ಬಿರುಕಿಲ್ಲ. ಸಣ್ಣ ಪ್ರಯೋಗಗಳಲ್ಲಿ ರಕ್ತದೊಳಗಿನ ಉತ್ಕರ್ಷಣದ ಗುರುತುಗಳು ತಗ್ಗಿದ್ದೂ ಉಂಟು. ಆದರೆ ಗುರುತು ತಗ್ಗುವುದು ಬೇರೆ, ರೋಗಿ ಉಳಿಯುವುದು ಬೇರೆ.

ಈ ಭೇದವನ್ನು ನಮಗೆ ಕಲಿಸಿದ್ದು ಜೀವಸತ್ವದ ಚರಿತ್ರೆಯೇ ಎಂಬುದನ್ನು ಮರೆಯಬಾರದು. 1747ರಲ್ಲಿ ಸಾಲ್ಸ್‌ಬರಿ ಎಂಬ ಬ್ರಿಟಿಷ್ ಯುದ್ಧನೌಕೆಯಲ್ಲಿ ಜೇಮ್ಸ್ ಲಿಂಡ್ ಸ್ಕರ್ವಿ ರೋಗದ 12 ಮಂದಿ ನಾವಿಕರನ್ನು ಇಬ್ಬಿಬ್ಬರಂತೆ ವಿಂಗಡಿಸಿ, ಒಂದು ಜೊತೆಗೆ ಸಮುದ್ರದ ನೀರು, ಒಂದಕ್ಕೆ ವಿನಿಗರ್, ಒಂದಕ್ಕೆ ಕಿತ್ತಳೆ ಮತ್ತು ನಿಂಬೆ, ಹೀಗೆ ಆರು ಬಗೆಯ ಮದ್ದು ಕೊಟ್ಟು ನೋಡಿದ. ಗುಣವಾದವರು ಹಣ್ಣು ತಿಂದವರು. ಆತ ನಮಗಿತ್ತ ಕಾಣಿಕೆಗಳು ಎರಡು: ಒಂದು ನಿಂಬೆ, ಇನ್ನೊಂದು ಹೋಲಿಸಿ ನೋಡುವ ಪದ್ಧತಿ. ಲೋಕ ಮೊದಲನೆಯದನ್ನು ನೆನೆದಷ್ಟು ಎರಡನೆಯದನ್ನು ನೆನೆಯಲಿಲ್ಲ.

ಆ ಎರಡನೆಯ ಕಾಣಿಕೆಯೇ ಕೊನೆಗೆ ತೀರ್ಪು ಹೇಳಿತು. ಹೃದಯ ಮತ್ತು ರಕ್ತನಾಳಗಳ ರೋಗದ ಅಪಾಯವುಳ್ಳ 9,541 ಜನರಲ್ಲಿ ಇ ಜೀವಸತ್ವವನ್ನು ಪರೀಕ್ಷಿಸಿದ ವರದಿ 2000ದಲ್ಲಿ ಬಂದಿತು, ಪ್ರಯೋಜನ ಕಾಣಲಿಲ್ಲ. 2002ರಲ್ಲಿ ಬ್ರಿಟನ್ನಿನ 20,536 ಜನರ ವರದಿಯೂ ಅದನ್ನೇ ಹೇಳಿತು: ರಕ್ತದಲ್ಲಿ ಜೀವಸತ್ವದ ಮಟ್ಟ ಏರಿತ್ತು, ಹೃದಯಾಘಾತ ಮಾತ್ರ ಇಳಿಯಲಿಲ್ಲ. ಇವು ವರ್ಷಗಟ್ಟಲೆ ಮಾತ್ರೆ ಸೇವಿಸಿದವರ ಪರೀಕ್ಷೆಗಳು, ಶಸ್ತ್ರಕ್ರಿಯೆಯ ಮೇಜಿನವಲ್ಲ, ನಿಜ. ಆದರೂ ಅಲ್ಲಿಯೂ ಜೀವಸತ್ವಗಳು ನಿತ್ಯದ ಚಿಕಿತ್ಸೆಯ ಸ್ಥಾನಕ್ಕೆ ಏರಲಿಲ್ಲ. ರಕ್ತ ಮರಳಿದ ಕೆಲವೇ ನಿಮಿಷಗಳಲ್ಲಿ ಉಗ್ರಕಣಗಳು ಹುಟ್ಟಿ ತಮ್ಮ ಕೆಲಸ ಮುಗಿಸುತ್ತವೆ. ಬಿಡಿ ಕಬ್ಬಿಣವಿರುವೆಡೆ ಸಿ ಜೀವಸತ್ವವೇ ಉರಿಗೆ ತುಪ್ಪ ಸುರಿಯಬಲ್ಲುದು. ಮೇಲಾಗಿ, ರೋಗಾಣುಗಳನ್ನು ಕೊಲ್ಲಲು ನಮ್ಮ ಬಿಳಿ ರಕ್ತಕಣಗಳು ಬಳಸುವ ಆಯುಧವೂ ಈ ಉಗ್ರ ಆಮ್ಲಜನಕವೇ.

ಶಸ್ತ್ರವೈದ್ಯರು ಇಂದು ಹೆಚ್ಚಾಗಿ ನೆಚ್ಚುವುದು ಗಡಿಯಾರವನ್ನು. ರಕ್ತ ಪೂರಾ ನಿಂತ ಕಾಲಿಗೆ ಸುಮಾರು 6 ಗಂಟೆಗಳೊಳಗೆ ಅದನ್ನು ಹರಿಸಬೇಕು. ಬಾತ ಸ್ನಾಯು ತನ್ನ ಪೊರೆಯೊಳಗೇ ಬಿಗಿದು ಸಾಯದಂತೆ, ಅಗತ್ಯವಾದರೆ ಆ ಪೊರೆಯನ್ನು ಸೀಳಿ ಬಿಡಬೇಕು. ಆದುದರಿಂದ ಕಾಲು ಥಟ್ಟನೆ ತಣ್ಣಗಾಗಿ ಬಿಳಿಚಿಕೊಂಡವನಿಗೆ ಮನೆಯವರು ಮಾಡಬಹುದಾದ ದೊಡ್ಡ ಉಪಕಾರವೆಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯುವುದು. ನಿಂಬೆ ನಮ್ಮ ಊಟದೆಲೆಯಲ್ಲಿ ತನ್ನ ಸ್ಥಾನದಲ್ಲಿ ಇರಲಿ. ಲಿಂಡ್‌ನ ಮತ್ತೊಂದು ಕಾಣಿಕೆಗೂ ನಮ್ಮ ಮನಸ್ಸಿನಲ್ಲಿ ಅಷ್ಟೇ ಸ್ಥಾನವಿರಲಿ.