ಕಬ್ಬಿನ ಸೀಮೆಯ ಕಟ್ಟಿಸಿದ ಹಲ್ಲು

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಬೊಚ್ಚುಬಾಯಿಯವರನ್ನು ಕಾಪಾಡಿದ್ದು ರಾಗಿಮುದ್ದೆ. ಅದನ್ನು ಅಗಿಯುವಂತಿಲ್ಲ, ನುಂಗಬೇಕು. ಕಬ್ಬಿನ ಜಲ್ಲೆ, ಮದ್ದೂರು ವಡೆಗಳ ಮಾತೇ ಬೇರೆ. ಅವಕ್ಕೆ ಹಲ್ಲು ಬೇಕೇ ಬೇಕು.

ಇಟಲಿಯ ಎಟ್ರುಸ್ಕನ್ನರು 2,500 ವರ್ಷಗಳ ಹಿಂದೆಯೇ ಚಿನ್ನದ ಪಟ್ಟಿಯಿಂದ ಹಲ್ಲು ಕಟ್ಟುತ್ತಿದ್ದರು. 1815ರ ವಾಟರ್ಲೂ ಯುದ್ಧದಲ್ಲಿ ಮಡಿದ ಸೈನಿಕರ ಹಲ್ಲುಗಳೂ ಯುರೋಪಿನ ಸಿರಿವಂತರ ಬಾಯಿ ಸೇರಿದವು! 1850ರ ದಶಕದಲ್ಲಿ ಗಡಸು ರಬ್ಬರು ಬಂದ ಮೇಲೆ ಬೆಲೆ ಇಳಿಯಿತು. 1930ರ ದಶಕದ ಕೊನೆಗೆ ಬಂದ ಅಕ್ರಿಲಿಕ್ಕಿಗೆ ಒಸಡಿನ ಬಣ್ಣವೂ ಹೊಂದಿತು. ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1933ರಲ್ಲಿ; ಹಲ್ಲು ಕೆಡಿಸುವ ಸಿಹಿಯೂ ಕಟ್ಟುವ ಸಾಮಗ್ರಿಯೂ ಒಂದೇ ದಶಕದವು ಎನ್ನಬಹುದು.

ಕೆಲವೇ ಹಲ್ಲು ಹೋದವರಿಗೆ, ತೆಗೆದು ಹಾಕುವ ಸೆಟ್ಟೇ ಅಗ್ಗದ ದಾರಿ. ಜಾಗ ಖಾಲಿ ಬಿಟ್ಟರೆ ಅಕ್ಕಪಕ್ಕದ ಹಲ್ಲುಗಳು ವಾಲುತ್ತವೆ. ಸೆಟ್ಟಿನ ತಂತಿಕೊಕ್ಕೆ ಹಿಡಿದು ನಿಲ್ಲುವುದು ಉಳಿದ ಹಲ್ಲುಗಳನ್ನೇ. ದಿನವೂ ತೊಳೆಯದಿದ್ದರೆ ಅವಕ್ಕೂ ಹುಳುಕು ಹಿಡಿಯುತ್ತದೆ. ರಾತ್ರಿ ತೆಗೆಯುವುದು ಒಸಡಿಗೆ ಬಿಡುವು ಸಿಗಲೆಂದು, ನೀರಿನಲ್ಲಿಡುವುದು ಸೆಟ್ಟು ಒಣಗಿ ಆಕಾರ ಕೆಡದಿರಲೆಂದು.

ಬೆಂಗಳೂರಿನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಆರಂಭವಾದದ್ದು 1958ರಲ್ಲಿ. ಬಡ ಹಿರಿಯರಿಗೆ ಉಚಿತವಾಗಿ ಹಲ್ಲು ಕಟ್ಟಿಸಿಕೊಡುವ ‘ದಂತಭಾಗ್ಯ’ ಯೋಜನೆ ಬರಲು ಮಾತ್ರ 2014ರವರೆಗೆ ಕಾಯಬೇಕಾಯಿತು.