ಹಡಗು ಹತ್ತಿದ ಅಜ್ಜನ ಜಾಡು ಹಿಡಿದು

1918ರ ಜನವರಿ 4ರ ರಾತ್ರಿ. ಮಾಲ್ಟಾ ದ್ವೀಪದಿಂದ ಗಾಯಾಳು ಸೈನಿಕರನ್ನು ಹೊತ್ತು ಬ್ರಿಟನ್ನಿಗೆ ಮರಳುತ್ತಿದ್ದ ‘ರೇವಾ’ ಎಂಬ ಆಸ್ಪತ್ರೆ ಹಡಗು ಬ್ರಿಸ್ಟಲ್ ಚಾನೆಲ್ ತಲುಪಿತ್ತು. 1907ರ ಹೇಗ್ ಒಪ್ಪಂದದ ಪ್ರಕಾರ ಆಸ್ಪತ್ರೆ ಹಡಗಿಗೆ ಬಿಳಿ ಬಣ್ಣ ಬಳಿದು, ಪಕ್ಕಕ್ಕೆ ಹಸಿರು ಪಟ್ಟೆ ಎಳೆದಿರಬೇಕು. ಅದರ ಹೆಸರನ್ನು ಶತ್ರುವಿಗೆ ಮೊದಲೇ ತಿಳಿಸಿರಬೇಕು. ಹಾಗಿದ್ದರೆ ಅದನ್ನು ಯಾರೂ ಮುಟ್ಟುವಂತಿಲ್ಲ. ಆದರೂ ಜರ್ಮನಿಯ ಯು-55 ಜಲಾಂತರ್ಗಾಮಿಯ ಟಾರ್ಪೆಡೊ ರೇವಾವನ್ನು ಮುಳುಗಿಸಿತು. ಹಡಗಿನಲ್ಲಿದ್ದವರು ಸುಮಾರು 550 ಮಂದಿ. ಗಾಯಾಳುಗಳೂ ಸೇರಿದಂತೆ ಎಲ್ಲರೂ ಪಾರಾದರು, ನಾಲ್ವರ ಹೊರತು. ಆ ನಾಲ್ವರೂ ಲಸ್ಕರರು.

ಲಸ್ಕರರೆಂದರೆ ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ದುಡಿಯುತ್ತಿದ್ದ ಏಷ್ಯಾದ ನಾವಿಕರು, ಅದರಲ್ಲೂ ಹೆಚ್ಚಾಗಿ ಭಾರತೀಯರು. ರೇವಾ ಕೂಡ ಮೂಲತಃ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪೆನಿಯ ಪ್ರಯಾಣಿಕರ ಹಡಗು. ಯುದ್ಧ ಬಂದಾಗ ಸರ್ಕಾರ ಇಂಥ ಹಡಗುಗಳನ್ನು ಪಡೆದು ಆಸ್ಪತ್ರೆಗಳನ್ನಾಗಿ ಮಾರ್ಪಡಿಸಿತು. ಹಡಗಿನೊಂದಿಗೆ ಅದರ ಆಳುಗಳೂ ಯುದ್ಧಕ್ಕೆ ಬಂದರು.

ಆ 550 ಮಂದಿಯಲ್ಲಿ ಒಬ್ಬರು ನಿಮ್ಮ ಮುತ್ತಜ್ಜನೆಂದು ಊಹಿಸಿಕೊಳ್ಳಿ. ಅವರನ್ನು ಎಲ್ಲಿ ಹುಡುಕುವುದು? ಮನೆಯ ಹಿರಿಯರು ಯುದ್ಧಕಾಲದಲ್ಲಿ ಹಡಗಿನಲ್ಲಿದ್ದರು ಎಂಬ ಮಾತಿನ ಎಳೆ ಹಿಡಿದು ಹೊರಡುವವರು ಮೊದಲು ಕೇಳುವುದು, ‘ಯಾವ ಹಡಗು?’ ಎಂದು. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಅವರಿಗೆ ಸಂಬಳ ಕೊಡುತ್ತಿದ್ದವರು ಯಾರು?

ಆಸ್ಪತ್ರೆ ಹಡಗು ಒಂದೇ ಆದರೂ ಅದರಲ್ಲಿದ್ದವರ ಕಾಗದಪತ್ರ ಒಂದೇ ಕಡೆ ಇಲ್ಲ. ವೈದ್ಯರು ಮತ್ತು ಪರಿಚಾರಕರು ಭೂಸೇನೆಯ ವೈದ್ಯಕೀಯ ದಳದವರು. ನರ್ಸ್‌ಗಳದು ಪ್ರತ್ಯೇಕ ಸೇವೆ. ಹಡಗು ನಡೆಸುವವರು ವ್ಯಾಪಾರಿ ನೌಕೆಯ ನೌಕರರು. ಬ್ರಿಟಿಷ್ ಸೇನಾ ನರ್ಸ್‌ಗಳ ಸಾವಿರಾರು ಕಡತಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಉಳಿದಿವೆ. ಪರಿಚಾರಕರಿಗೆ ಆ ಅದೃಷ್ಟವಿಲ್ಲ. ಮೊದಲ ಮಹಾಯುದ್ಧದ ಸಾಮಾನ್ಯ ಸೈನಿಕರ ದಾಖಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ 1940ರ ಸೆಪ್ಟೆಂಬರ್‌ನಲ್ಲಿ ಲಂಡನ್ ಮೇಲೆ ನಡೆದ ಬಾಂಬ್ ದಾಳಿಯ ಬೆಂಕಿಗೆ ಆಹುತಿಯಾಯಿತು. ಉಳಿದವುಗಳಲ್ಲೂ ಎಷ್ಟೋ ಹಾಳೆಗಳ ಅಂಚು ಸುಟ್ಟು ಕರಕಲಾಗಿದೆ.

ಯುದ್ಧನೌಕೆಯಲ್ಲಿದ್ದವರನ್ನು ಹುಡುಕುವುದು ಸ್ವಲ್ಪ ಸುಲಭ. ಬ್ರಿಟಿಷ್ ರಾಜ ನೌಕಾಪಡೆಯಲ್ಲಿ ಪ್ರತಿ ನಾವಿಕನಿಗೂ ಒಂದು ಸೇವಾ ಸಂಖ್ಯೆ. 1908ರಿಂದ ಅದರ ಮುಂದಿನ ಅಕ್ಷರವೇ ಕೆಲಸವನ್ನು ಹೇಳುತ್ತದೆ. ‘ಜೆ’ ಇದ್ದರೆ ಡೆಕ್ಕಿನ ನಾವಿಕ ಅಥವಾ ಸಂಕೇತ ವಿಭಾಗದವನು, ‘ಕೆ’ ಇದ್ದರೆ ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು, ‘ಎಲ್’ ಇದ್ದರೆ ಅಧಿಕಾರಿಗಳ ಅಡುಗೆಯವ ಅಥವಾ ಬಡಿಸುವವ. ಆದರೆ ಇಲ್ಲೂ ಒಂದು ಗುಂಡಿಯಿದೆ. ಪೋರ್ಟ್ಸ್‌ಮತ್ ನೆಲೆಯ ನಾವಿಕನ ದಾಖಲೆಯಲ್ಲಿ ‘ಎಚ್‌ಎಂಎಸ್ ವಿಕ್ಟರಿ’ ಎಂದಿರುತ್ತದೆ. ಅಜ್ಜ ನೆಲ್ಸನ್ನನ ಪ್ರಸಿದ್ಧ ಹಡಗಿನಲ್ಲಿದ್ದರು ಎಂದು ಮೊಮ್ಮಗ ಬೀಗುತ್ತಾನೆ. ವಾಸ್ತವವಾಗಿ ಅದು ದಡದ ಮೇಲಿನ ಬ್ಯಾರಕ್ಕಿನ ಹೆಸರು. ಚ್ಯಾಟಮ್‌ನ ‘ಪೆಂಬ್ರೋಕ್’ ಕೂಡ ಹಾಗೆಯೇ. ಎರಡನೇ ಮಹಾಯುದ್ಧದ ಫೋಟೊ ನೋಡಿ ಹಡಗಿನ ಹೆಸರು ಪತ್ತೆ ಹಚ್ಚುವುದೂ ಕಷ್ಟ. ಗೋಪ್ಯತೆಗಾಗಿ ಟೋಪಿಯ ಪಟ್ಟಿಯ ಮೇಲೆ ಬರೀ ‘ಎಚ್‌ಎಂಎಸ್’ ಎಂದಷ್ಟೇ ಬರೆಯುತ್ತಿದ್ದರು.

ವ್ಯಾಪಾರಿ ಹಡಗಿನ ನೌಕರನ ಮುಖ್ಯ ದಾಖಲೆ ಎಂದರೆ ಪ್ರತಿ ಪ್ರಯಾಣಕ್ಕೂ ಸಹಿ ಹಾಕುತ್ತಿದ್ದ ಕರಾರು ಪತ್ರ. ಹೆಸರು, ವಯಸ್ಸು, ಹುಟ್ಟೂರು, ಹುದ್ದೆ, ಸಂಬಳ ಎಲ್ಲವೂ ಅದರಲ್ಲಿರುತ್ತದೆ. ಈ ಕಾಗದಗಳ ರಾಶಿಯನ್ನು ಇಟ್ಟುಕೊಳ್ಳಲು ಜಾಗವಿಲ್ಲದೆ ಬ್ರಿಟನ್ ಅವನ್ನು ಹಂಚಿಬಿಟ್ಟಿತು. ಕ್ಯೂ ಪತ್ರಾಗಾರ ಮಾದರಿಗೆಂದು ಶೇಕಡಾ 10ರಷ್ಟನ್ನು ಇಟ್ಟುಕೊಂಡಿತು. 5ರಲ್ಲಿ ಕೊನೆಗೊಳ್ಳುವ ವರ್ಷಗಳ ಬಹುಪಾಲು ಗ್ರೀನಿಚ್‌ನ ಕಡಲ ವಸ್ತುಸಂಗ್ರಹಾಲಯಕ್ಕೆ ಹೋಯಿತು. ಉಳಿದದ್ದರಲ್ಲಿ ಹೆಚ್ಚಿನದು ಅಟ್ಲಾಂಟಿಕ್ ದಾಟಿ ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೆಮೋರಿಯಲ್ ವಿಶ್ವವಿದ್ಯಾಲಯ ಸೇರಿತು. ಹೀಗಾಗಿ 1915ರಲ್ಲಿ ಹಡಗಿನಲ್ಲಿದ್ದವನನ್ನು ಹುಡುಕಲು ಗ್ರೀನಿಚ್ಚಿನ ದಾಖಲೆ ಸಾಕು. ಈಗ ಆ ವರ್ಷದ ಪಟ್ಟಿಗಳು ಗಣಕೀಕರಣಗೊಂಡಿವೆ. ಮರುವರ್ಷ ಅದೇ ಮನುಷ್ಯ ಎಲ್ಲಿದ್ದ ಎಂದು ತಿಳಿಯಲು ಇನ್ನೊಂದು ಖಂಡಕ್ಕೇ ಪತ್ರ ಬರೆಯಬೇಕಾಗಬಹುದು.

ಲಸ್ಕರರ ವಿಷಯಕ್ಕೆ ಬಂದರೆ ಜಾಡು ಮತ್ತೂ ಮಸುಕಾಗುತ್ತದೆ. ಅವರ ಕರಾರೇ ಬೇರೆ, ಸಂಬಳವೂ ಬಿಳಿಯ ನಾವಿಕನಿಗಿಂತ ಬಹಳ ಕಡಿಮೆ. ಅವರನ್ನು ಒಬ್ಬೊಬ್ಬರಾಗಿ ಅಲ್ಲ, ‘ಸಾರಂಗ’ ಎಂಬ ಮೇಸ್ತ್ರಿಯ ಕೈಕೆಳಗಿನ ಗುಂಪಾಗಿ ಸೇರಿಸಿಕೊಳ್ಳುವ ರೂಢಿ ಇತ್ತು. ಗುಮಾಸ್ತನ ಕಿವಿಗೆ ಹೇಗೆ ಕೇಳಿಸಿತೋ ಹಾಗೆ ಹೆಸರು ದಾಖಲಾಯಿತು. ಒಂದೇ ಹೆಸರು ಒಂದು ಪ್ರಯಾಣದಲ್ಲಿ ಒಂದು ರೂಪ, ಮುಂದಿನದರಲ್ಲಿ ಮತ್ತೊಂದು ರೂಪ ತಾಳಿತು.

ವಿಚಿತ್ರವೆಂದರೆ, ಈ ನಾವಿಕರಲ್ಲಿ ಬದುಕಿ ಬಂದವನಿಗಿಂತ ಕಡಲು ಪಾಲಾದವನನ್ನು ಹುಡುಕುವುದೇ ಸುಲಭ. ಮೊದಲ ಮಹಾಯುದ್ಧದಲ್ಲಿ ಸತ್ತು, ಕಡಲೇ ಸಮಾಧಿಯಾದ 2,000ಕ್ಕೂ ಹೆಚ್ಚು ನಾವಿಕರಿಗೆ ಮುಂಬೈಯ ಮಸೀದಿ ಬಂದರಿನ ನಾವಿಕರ ವಸತಿಗೃಹದಲ್ಲಿ ಸ್ಮಾರಕವಿದೆ. ಎರಡನೇ ಮಹಾಯುದ್ಧದ ಸುಮಾರು 6,500 ಹೆಸರುಗಳನ್ನು ಒಂದೇ ಬಗೆಯ ಎರಡು ಪುಸ್ತಕಗಳಲ್ಲಿ ಬರೆದು, ಒಂದನ್ನು ಅದೇ ವಸತಿಗೃಹದಲ್ಲಿ, ಇನ್ನೊಂದನ್ನು ಬಾಂಗ್ಲಾದೇಶದ ಚಿತ್ತಗಾಂಗ್ ಯುದ್ಧ ಸ್ಮಶಾನದಲ್ಲಿ ಇಡಲಾಗಿದೆ. ಬಂಗಾಳ ಮತ್ತು ಅಸ್ಸಾಮಿನ 896 ಲಸ್ಕರರ ನೆನಪಿಗೆ ಕೋಲ್ಕತ್ತದ ಗಂಗಾ ತೀರದಲ್ಲಿ 1924ರಲ್ಲಿ ಸ್ಮಾರಕ ಎದ್ದಿತು. ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಪಟ್ಟಿಯನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು.

ಬದುಕಿ ಉಳಿದವನ ಮಾತು? 1942ರ ಏಪ್ರಿಲ್ 9ರಂದು ಸಿಂಹಳದ ಪೂರ್ವ ತೀರದಾಚೆ ಜಪಾನಿನ ವಿಮಾನಗಳು ಬ್ರಿಟನ್ನಿನ ವಿಮಾನವಾಹಕ ನೌಕೆ ‘ಹರ್ಮೀಸ್’ ಮತ್ತು ಆಸ್ಟ್ರೇಲಿಯದ ‘ವ್ಯಾಂಪೈರ್’ ನೌಕೆಯನ್ನು ಮುಳುಗಿಸಿದವು. ಸಮೀಪದಲ್ಲಿದ್ದ ‘ವೀಟಾ’ ಎಂಬ ಆಸ್ಪತ್ರೆ ಹಡಗು ಸುಮಾರು 600 ಮಂದಿಯನ್ನು ನೀರಿನಿಂದ ಎತ್ತಿತು. ವೀಟಾ ಕೂಡ ರೇವಾದ ಕಂಪೆನಿಯದೇ. ಶಾಂತಿಕಾಲದಲ್ಲಿ ಮುಂಬೈಯಿಂದ ಪರ್ಷಿಯನ್ ಕೊಲ್ಲಿಗೆ ಓಡುತ್ತಿದ್ದ ಹಡಗು. ಹರ್ಮೀಸಿನ ನಾವಿಕನ ಮೊಮ್ಮಕ್ಕಳು ಸೇವಾ ಸಂಖ್ಯೆ ಹಿಡಿದು ಅಜ್ಜನನ್ನು ಪತ್ತೆ ಮಾಡಬಲ್ಲರು. ಅವನನ್ನು ಮೇಲಕ್ಕೆಳೆದ ಲಸ್ಕರನ ಮೊಮ್ಮಕ್ಕಳಿಗೆ ಅಂಥ ಸಂಖ್ಯೆ ಇಲ್ಲ.

ಆದ್ದರಿಂದ ಲಸ್ಕರರ ಮಟ್ಟಿಗೆ ಮುಖ್ಯ ಪತ್ರಾಗಾರ ಅವರವರ ಮನೆಯೇ. ಕರಾವಳಿಯಿಂದ ಮುಂಬೈಗೆ ಹೋಗಿ ಹಡಗು ಹತ್ತಿದವರು ನಿಮ್ಮ ಮನೆತನದಲ್ಲಿದ್ದರೆ, ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡುವುದು ಒಳ್ಳೆಯದು. ಪ್ರಯಾಣ ಮುಗಿದಾಗ ಮುದ್ರೆ ಒತ್ತಿಸಿಕೊಳ್ಳುತ್ತಿದ್ದ ಡಿಸ್ಚಾರ್ಜ್ ಪುಸ್ತಕ ಸಿಕ್ಕರೆ ಹಡಗು, ದಿನಾಂಕ ಎರಡೂ ಸಿಕ್ಕಂತೆ. ಮೊದಲ ಮಹಾಯುದ್ಧದ ಪದಕವಿದ್ದರೆ ಅದರ ಅಂಚನ್ನು ಬೆಳಕಿಗೆ ಹಿಡಿಯಬೇಕು. ಪಡೆದವನ ಹೆಸರು ಅಲ್ಲಿ ಇರುತ್ತದೆ. ಊರಿನ ಹಿರಿಯರಿಗೆ ನೆನಪಿರುವ ಹಡಗಿನ ಹೆಸರನ್ನು, ಅವರು ಹೇಗೆ ಉಚ್ಚರಿಸುತ್ತಾರೋ ಹಾಗೆಯೇ ಬರೆದಿಟ್ಟುಕೊಳ್ಳಬೇಕು. ಗುಮಾಸ್ತನ ತಪ್ಪು ಕಾಗುಣಿತವನ್ನು ಗುರುತಿಸಬಲ್ಲವರು ಮನೆಯವರು ಮಾತ್ರ.