ಹಾಸಿಗೆಗೆ ಮುಂಚೆ, ಹಾಸಿಗೆಯ ನಂತರ: ಕರ್ನಾಟಕದ ಹಿರಿಯ ರೋಗಿಗಳ ಆರೈಕೆ ಕುರಿತು

ಎಪ್ಪತ್ತು ತುಂಬಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ವೆಚ್ಚ ಭರಿಸುವ ವ್ಯವಸ್ಥೆಗೆ 2024ರ ಅಕ್ಟೋಬರ್ 29ರಂದು ಚಾಲನೆ ದೊರೆಯಿತು. ಆಯುಷ್ಮಾನ್ ಭಾರತ್ ಯೋಜನೆಯ ಈ ವಿಸ್ತರಣೆಯನ್ನು ಕಡೆಗಣಿಸುವಂತಿಲ್ಲ. ಮಗನ ಎದುರು ಕೈಯೊಡ್ಡದೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಸಾಧ್ಯವಾಗುವುದು ಸಣ್ಣ ಸಂಗತಿಯಲ್ಲ. ಆದರೆ ಆ ಹಣ ಸಿಗುವುದು ರೋಗಿ ದಾಖಲಾದಾಗ. ದಾಖಲಾತಿಗೆ ಮುಂಚಿನ ಮೂರು ದಿನ, ಬಿಡುಗಡೆಯಾದ ಮೇಲೆ ಹದಿನೈದು ದಿನ, ಅಲ್ಲಿಗೆ ಅದರ ಲೆಕ್ಕ ಚುಕ್ತಾ. ಮುಪ್ಪಿನ ಕಾಯಿಲೆಗಳು ಹೀಗೆ ದಿನ ಎಣಿಸಿ ಮುಗಿಯುವಂಥವಲ್ಲ.

ಹಿರಿಯರ ಆರೋಗ್ಯಸೇವೆ ಸುಧಾರಿಸುವುದೆಂದರೆ ಹಾಸಿಗೆಗಳನ್ನೂ ವಿಮೆಯನ್ನೂ ಹೆಚ್ಚಿಸುವುದು ಎಂಬ ತಿಳಿವಳಿಕೆ ನಮ್ಮ ಆಡಳಿತದಲ್ಲಿ ಬೇರೂರಿದೆ. ಹಿರಿಯ ರೋಗಿ ನಮ್ಮ ಕೈತಪ್ಪುತ್ತಿರುವುದು ಹೊರರೋಗಿಗಳ ಸರತಿಯಲ್ಲಿ ಮತ್ತು ಮನೆಯಲ್ಲಿ ಎಂಬುದು ಈ ಲೇಖನದ ವಾದ. ಅಲ್ಲಿ ಮಾಡಬೇಕಾದ ಕೆಲಸಕ್ಕೆ ಬೇಕಾದ ಮಾರ್ಗಸೂಚಿ, ನಮೂನೆ, ಹುದ್ದೆಗಳು ಬಹುಮಟ್ಟಿಗೆ ಕಾಗದದ ಮೇಲೆ ಈಗಾಗಲೇ ಇವೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಕಲ್ಪಿಸುವ ಏರ್ಪಾಟು ಮಾತ್ರ ಇಲ್ಲ.

ಅಂಕಿಅಂಶಗಳನ್ನು ಚುಟುಕಾಗಿ ನೋಡೋಣ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 60 ದಾಟಿದವರು ಸುಮಾರು 10.4 ಕೋಟಿ, ಅಂದರೆ ಶೇ 8.6. ಕರ್ನಾಟಕದಲ್ಲಿ ಸುಮಾರು 58 ಲಕ್ಷ, ಶೇ 9.5ರಷ್ಟು. 2036ರ ಹೊತ್ತಿಗೆ ದೇಶದಲ್ಲಿ ಈ ಪ್ರಮಾಣ ಶೇ 15ರ ಸಮೀಪಕ್ಕೆ ಬರುತ್ತದೆಂದು ಅಧಿಕೃತ ಅಂದಾಜು ಹೇಳುತ್ತದೆ. 2017–18ರಲ್ಲಿ 72,000ಕ್ಕೂ ಹೆಚ್ಚು ಜನರನ್ನು ಒಳಗೊಂಡು ನಡೆದ ರಾಷ್ಟ್ರೀಯ ವೃದ್ಧಾಪ್ಯ ಸಮೀಕ್ಷೆಯ ವರದಿ 2021ರ ಜನವರಿಯಲ್ಲಿ ಬಿಡುಗಡೆಯಾಯಿತು. ಹಿರಿಯರಲ್ಲಿ ಶೇ 75ರಷ್ಟು ಮಂದಿಗೆ ಒಂದಲ್ಲ ಒಂದು ದೀರ್ಘಕಾಲದ ಕಾಯಿಲೆ, ಶೇ 40ರಷ್ಟು ಮಂದಿಗೆ ಯಾವುದಾದರೊಂದು ಬಗೆಯ ಅಂಗವೈಕಲ್ಯ, ಶೇ 20ರಷ್ಟು ಮಂದಿಗೆ ಮಾನಸಿಕ ಆರೋಗ್ಯದ ತೊಂದರೆ ಇರುವುದು ಅದರಿಂದ ತಿಳಿದುಬಂತು. ಅದೇ ಸಮೀಕ್ಷೆಯ ಮುಂದುವರಿಕೆಯಾಗಿ ನಡೆದ ಅಧ್ಯಯನ 60 ದಾಟಿದವರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಮರೆಗುಳಿತನದ ಕಾಯಿಲೆಯಿದೆ ಎಂದು 2023ರಲ್ಲಿ ಅಂದಾಜಿಸಿತು. ಈ ಶೇಕಡಾವಾರುಗಳು ಬೇರೆಬೇರೆ ಜನರವಲ್ಲ ಎಂಬುದನ್ನು ಗಮನಿಸಬೇಕು. ಸಕ್ಕರೆ ಕಾಯಿಲೆ, ಮಂಡಿನೋವು, ಮಂಜಾದ ಕಣ್ಣು, ಗಂಡನನ್ನು ಕಳೆದುಕೊಂಡ ಮೇಲಿನ ಖಿನ್ನತೆ ಎಲ್ಲವೂ ಒಬ್ಬಳೇ ಅಜ್ಜಿಯ ದೇಹದಲ್ಲಿ ಕೂಡಿಕೊಂಡಿರುತ್ತವೆ. ನಮ್ಮ ಆಸ್ಪತ್ರೆಯಲ್ಲಾದರೋ ಒಂದೊಂದಕ್ಕೂ ಒಂದೊಂದು ಕೊಠಡಿ.

ಔಷಧದ ಚೀಲ

ಯಾವುದೇ ತಾಲ್ಲೂಕು ಆಸ್ಪತ್ರೆಗೆ ಬರುವ ಎಪ್ಪತ್ತರ ಆಸುಪಾಸಿನ ರೋಗಿಯ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು ಇರುತ್ತದೆ. ಅದರಲ್ಲಿ ಮೂರು ನಾಲ್ಕು ಕಡೆಯ ಚೀಟಿಗಳು, ಅರ್ಧ ಮುಗಿದ ಮಾತ್ರೆ ಶೀಟುಗಳು. ಒಂದು ಮಾದರಿಯನ್ನು ಬಿಡಿಸಿ ನೋಡೋಣ. ಮಂಡಿನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ತಿಂಗಳುಗಟ್ಟಲೆ ಹೊಟ್ಟೆಗೆ ಹೋಗಿದೆ. ಅದು ಮೂತ್ರಪಿಂಡವನ್ನು ದಣಿಸುತ್ತದೆ, ರಕ್ತದೊತ್ತಡವನ್ನೂ ಏರಿಸುತ್ತದೆ. ಬಿಪಿ ಹೆಚ್ಚಾಗಿದೆಯೆಂದು ಆಮ್ಲೋಡಿಪಿನ್ ಶುರುವಾಗುತ್ತದೆ, ಸಾಲದೆ ಬಂದಾಗ ಪ್ರಮಾಣ ದುಪ್ಪಟ್ಟಾಗುತ್ತದೆ. ಆಮ್ಲೋಡಿಪಿನ್‌ನಿಂದ ಪಾದ ಊದಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಅಡ್ಡಪರಿಣಾಮ. ಆದರೆ ಊದಿದ ಪಾದವನ್ನು ಕಂಡ ಇನ್ನೊಬ್ಬ ವೈದ್ಯರು ಫ್ಯೂರೊಸೆಮೈಡ್ ಬರೆಯುತ್ತಾರೆ, ಜನರ ಬಾಯಲ್ಲಿ ನೀರು ಹೋಗುವ ಮಾತ್ರೆ. ಸಂಜೆ ಅದನ್ನು ನುಂಗಿದ ಅಜ್ಜಿ ರಾತ್ರಿ ಮೂರು ಸಲ ಏಳುತ್ತಾಳೆ. ಬಚ್ಚಲು ಹಿತ್ತಲಿನಲ್ಲಿದೆ, ದೀಪವಿಲ್ಲ, ಎದ್ದ ಕೂಡಲೇ ಒತ್ತಡ ಇಳಿದು ತಲೆ ಸುತ್ತುತ್ತದೆ. ಬಿದ್ದು ಸೊಂಟದ ಮೂಳೆ ಮುರಿಯುತ್ತದೆ.

ಈ ಸರಣಿಯಲ್ಲಿ ಯಾರೂ ದೊಡ್ಡ ತಪ್ಪು ಮಾಡಿಲ್ಲ. ಪ್ರತಿಯೊಬ್ಬ ವೈದ್ಯರೂ ಎದುರಿಗೆ ಕಂಡ ತೊಂದರೆಗೆ ಒಪ್ಪುವ ಉತ್ತರವನ್ನೇ ಕೊಟ್ಟಿದ್ದಾರೆ. ಇಡೀ ಚೀಲವನ್ನು ಮೇಜಿನ ಮೇಲೆ ಸುರಿದು ನೋಡುವುದು ಮಾತ್ರ ಯಾರ ಪಾಲಿನ ಕೆಲಸವೂ ಆಗಿರಲಿಲ್ಲ. ಮೂಳೆ ಮುರಿದ ಮೇಲೆ ಶಸ್ತ್ರಚಿಕಿತ್ಸೆಗೆ ಸರ್ಕಾರ ಹಣ ಕೊಡುತ್ತದೆ. ಮುರಿಯದಂತೆ ನೋಡಿಕೊಳ್ಳಬಹುದಾಗಿದ್ದ ಔಷಧ ಪರಿಶೀಲನೆಗೆ, ಊರುಗೋಲಿಗೆ, ಬಚ್ಚಲಿನ ಗೋಡೆಗೆ ಹಾಕಬಹುದಾಗಿದ್ದ ಹಿಡಿಗೆ ಆ ಯೋಜನೆಯಲ್ಲಿ ತಲೆಬರಹವೇ ಇಲ್ಲ.

ಹಿರಿಯರಿಗೆ ಕೊಡಬಾರದ, ಕೊಟ್ಟರೂ ಎಚ್ಚರದಿಂದ ಕೊಡಬೇಕಾದ ಔಷಧಗಳ ಪಟ್ಟಿಯೊಂದನ್ನು ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲೇ ಸಿದ್ಧಪಡಿಸಿದರು. ಅದು ಇಂದಿಗೂ ಪರಿಷ್ಕರಣೆಗೊಳ್ಳುತ್ತಿದೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನೆಗಡಿ ಎಂದವರಿಗೆಲ್ಲ ಕೈಗೆ ಬರುವ ಸಿಪಿಎಂ ಮಾತ್ರೆ ಆ ಪಟ್ಟಿಯಲ್ಲಿದೆ. ಮಂಪರು, ಗೊಂದಲ, ಮೂತ್ರ ಕಟ್ಟುವಿಕೆ ಹಿರಿಯರಲ್ಲಿ ಅದರ ಫಲ. ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲ ಗ್ಲೈಬೆನ್‌ಕ್ಲಮೈಡ್ ಕೂಡ ಅಲ್ಲಿದೆ. ಇಂಥ ಪಟ್ಟಿಯ ಕನ್ನಡ ರೂಪವೊಂದನ್ನು ಔಷಧ ವಿತರಣೆಯ ಕಿಟಕಿಯ ಒಳಬದಿಗೆ ಅಂಟಿಸಲು ಬಜೆಟ್ ಬೇಕಿಲ್ಲ.

ಗೊತ್ತಿದ್ದ ವಿದ್ಯೆ

ಇವೆಲ್ಲ ಹೊಸ ಅರಿವಲ್ಲ. 1935ರಲ್ಲಿ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಮಾರ್ಜರಿ ವಾರನ್ ಅವರಿಗೆ ಪಕ್ಕದ ನಿರ್ಗತಿಕರ ಆಶ್ರಯಾಲಯದ (ವರ್ಕ್‌ಹೌಸ್) ಏಳುನೂರಕ್ಕೂ ಹೆಚ್ಚು ರೋಗಿಗಳ ಹೊಣೆ ಬಂತು. ವಾಸಿಯಾಗದವರೆಂದು ವರ್ಷಗಟ್ಟಲೆ ಮಲಗಿಸಿಟ್ಟಿದ್ದ ಅವರನ್ನು ವಾರನ್ ಒಬ್ಬೊಬ್ಬರಾಗಿ ಪರೀಕ್ಷಿಸಿದರು, ವಿಂಗಡಿಸಿದರು, ಹಾಸಿಗೆಯಿಂದ ಎಬ್ಬಿಸಿ ನಡೆಸಿದರು. ಹಲವರು ಮನೆಗೆ ಮರಳಿದರು. ಮಲಗಿಸಿದ್ದೇ ಅವರಲ್ಲಿ ಹಲವರ ಕಾಯಿಲೆಯಾಗಿತ್ತು. ಆ ಪರೀಕ್ಷಾ ವಿಧಾನವೇ ಮುಂದೆ ಹಿರಿಯರ ಸಮಗ್ರ ಮೌಲ್ಯಮಾಪನ ಎಂದು ಶಾಸ್ತ್ರರೂಪ ಪಡೆಯಿತು. ಆಸ್ಪತ್ರೆ ಸೇರಿದ ಹಿರಿಯರ ಮೇಲೆ ನಡೆದ 29 ಪ್ರಯೋಗಗಳನ್ನು, 13,766 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು, ಹೀಗೆ ಮೌಲ್ಯಮಾಪನಕ್ಕೆ ಒಳಗಾದವರು ಮುಂದೆ ಬದುಕಿದ್ದು ತಮ್ಮ ಮನೆಯಲ್ಲೇ ಇರುವ ಸಾಧ್ಯತೆ ಹೆಚ್ಚು ಎಂದು ತೋರಿಸಿತು. ಪ್ರಯೋಗಗಳು ಬಹುಪಾಲು ಶ್ರೀಮಂತ ದೇಶಗಳವು. ಅಲ್ಲಿನ ಫಲವನ್ನು ಅಳತೆ ಸಮೇತ ರಾಯಚೂರಿಗೆ ಅನ್ವಯಿಸಲಾಗದು. ಆದರೆ ವಿಧಾನ ದುಬಾರಿಯದೇನಲ್ಲ. ತೋಳಿರುವ ಕುರ್ಚಿಯಿಂದ ರೋಗಿ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡು ಹಿಡಿಯಿತು ಎಂದು ನೋಡುವುದು ಅದರ ಒಂದು ಪರೀಕ್ಷೆ. ಹನ್ನೆರಡು ಸೆಕೆಂಡು ದಾಟಿದರೆ ಬೀಳುವ ಭಯವಿದೆ ಎಂದರ್ಥ. ಒಂದು ಕುರ್ಚಿ, ನೆಲದ ಮೇಲೊಂದು ಬಣ್ಣದ ಗೆರೆ, ಒಂದು ಗಡಿಯಾರ ಸಾಕು.

ಭಾರತದಲ್ಲಿ ಈ ವಿದ್ಯೆಗೆ ನೆಲೆ ಕೊಟ್ಟದ್ದು ಮದ್ರಾಸು. ವಿ. ಎಸ್. ನಟರಾಜನ್ 1978ರಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಹಿರಿಯರ ಚಿಕಿತ್ಸಾ ವಿಭಾಗ ಆರಂಭಿಸಿದರು. ಈ ವಿಷಯದ ಸ್ನಾತಕೋತ್ತರ ಪದವಿಯೂ 1996ರಲ್ಲಿ ಅಲ್ಲಿಯೇ ಶುರುವಾಯಿತು. 2010–11ರಲ್ಲಿ ಕೇಂದ್ರ ಸರ್ಕಾರ ಹಿರಿಯರ ಆರೋಗ್ಯ ಆರೈಕೆಯ ರಾಷ್ಟ್ರೀಯ ಕಾರ್ಯಕ್ರಮವನ್ನು 100 ಜಿಲ್ಲೆಗಳಲ್ಲಿ ಕೈಗೊಂಡಾಗ ಎಂಟು ಪ್ರಾದೇಶಿಕ ಕೇಂದ್ರಗಳನ್ನು ಗುರುತಿಸಲಾಯಿತು. ಚೆನ್ನೈ, ತಿರುವನಂತಪುರ, ಮುಂಬೈ ಅವುಗಳಲ್ಲಿದ್ದವು. ಕರ್ನಾಟಕದ ಒಂದು ಸಂಸ್ಥೆಯೂ ಮೊದಲ ಪಟ್ಟಿಯಲ್ಲಿರಲಿಲ್ಲ. ಕಾರ್ಯಕ್ರಮದ ಮಾರ್ಗಸೂಚಿ ಮಾತ್ರ ಅಚ್ಚುಕಟ್ಟು: ಜಿಲ್ಲಾ ಆಸ್ಪತ್ರೆಯಲ್ಲಿ ಹತ್ತು ಹಾಸಿಗೆಯ ವಾರ್ಡು, ಸಮುದಾಯ ಆರೋಗ್ಯ ಕೇಂದ್ರದಲ್ಲಿ ವಾರಕ್ಕೆರಡು ದಿನ, ಪ್ರಾಥಮಿಕ ಕೇಂದ್ರದಲ್ಲಿ ವಾರಕ್ಕೊಂದು ದಿನ ಹಿರಿಯರ ಕ್ಲಿನಿಕ್, ಉಪಕೇಂದ್ರದಿಂದ ಮನೆ ಭೇಟಿ. ನಿಮ್ಮ ಊರಿನ ಪ್ರಾಥಮಿಕ ಕೇಂದ್ರದಲ್ಲಿ ಹಿರಿಯರ ದಿನ ಯಾವುದು ಎಂದು ಕೇಳಿ ನೋಡಿ.

"ಹೌದು" ಎಂದ ಮೇಲೆ

ಆಶಾ ಕಾರ್ಯಕರ್ತೆ ಮನೆಗೆ ಬಂದು ಮೂವತ್ತು ದಾಟಿದವರಿಗೆ ತುಂಬುವ ಒಂದು ನಮೂನೆಯಿದೆ. ತಂಬಾಕು, ಸೊಂಟದ ಸುತ್ತಳತೆ, ಮನೆತನದ ಕಾಯಿಲೆ ಇತ್ಯಾದಿ ಅದರಲ್ಲಿರುತ್ತದೆ. ಅರವತ್ತು ದಾಟಿದವರಿಗೆ ಪ್ರತ್ಯೇಕವಾಗಿ ನಾಲ್ಕು ಪ್ರಶ್ನೆ: ನಿಂತಾಗ, ನಡೆವಾಗ ಆಯ ತಪ್ಪಿದಂತಾಗುತ್ತದೆಯೇ? ಓಡಾಟಕ್ಕೆ ಅಡ್ಡಿಯಾಗುವ ಊನವಿದೆಯೇ? ಊಟ, ಸ್ನಾನ, ಬಟ್ಟೆ, ಶೌಚಕ್ಕೆ ಇನ್ನೊಬ್ಬರ ನೆರವು ಬೇಕೇ? ಹತ್ತಿರದವರ ಹೆಸರು ಅಥವಾ ಮನೆ ವಿಳಾಸ ಮರೆತುಹೋಗುತ್ತದೆಯೇ? ಯಾವ ಪರಿಣತರ ಸಮಿತಿಯೂ ಇದಕ್ಕಿಂತ ಒಳ್ಳೆಯ ನಾಲ್ಕು ಪ್ರಶ್ನೆ ರೂಪಿಸಲಾರದು ಎಂಬುದು ನನ್ನ ಅಭಿಪ್ರಾಯ. ಬೀಳುವುದು, ನಡೆಯಲಾಗದಿರುವುದು, ಪರಾವಲಂಬನೆ, ಮರೆವು ಇವೆಲ್ಲ ಅದರಲ್ಲಿ ಬಂದವು.

ಉತ್ತರ "ಹೌದು" ಎಂದಾದರೆ ಮೇಲಿನ ಕೇಂದ್ರಕ್ಕೆ ಕಳಿಸಬೇಕು. ಕಳಿಸುವುದೆಂದರೆ "ಆಸ್ಪತ್ರೆಗೆ ಹೋಗಿ ತೋರಿಸಿಕೊಳ್ಳಿ, ಅಮ್ಮ" ಎನ್ನುವುದು. ಆಯ ತಪ್ಪಿ ಬೀಳುವವಳಿಗೆ, ಮನೆ ವಿಳಾಸ ಮರೆತವಳಿಗೆ ಈ ಮಾತು ಹೇಳಲಾಗುತ್ತಿದೆ. ಅವಳನ್ನು ಕರೆದೊಯ್ಯುವವರು ಒಂದು ದಿನದ ಕೂಲಿ ಬಿಡಬೇಕು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದಿರುವುದು ಹಿರಿಯ ಹೆಣ್ಣುಮಕ್ಕಳ ಮಟ್ಟಿಗೆ ಆರೋಗ್ಯ ಯೋಜನೆಯೂ ಹೌದು, ಯಾರೂ ಅದನ್ನು ಹಾಗೆ ಅಳೆದಿಲ್ಲ ಅಷ್ಟೆ. ಆದರೆ ಖಾಸಗಿ ಬಸ್ಸುಗಳೇ ಹೆಚ್ಚಾಗಿರುವ ಕರಾವಳಿಯಲ್ಲಿ ಅದರ ಉಪಯೋಗ ಕಡಿಮೆ. ಅಜ್ಜನಿಗಿರುವುದು ಟಿಕೆಟ್ ದರದಲ್ಲಿ ಕಾಲು ಭಾಗದ ರಿಯಾಯಿತಿ ಮಾತ್ರ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ, ಅದರಲ್ಲೇ ಮಾತ್ರೆ, ಅದರಲ್ಲೇ ಆಟೊ. ಬೆರಳಿನ ಗೆರೆ ಸವೆದು ಯಂತ್ರ ಹೆಬ್ಬೆಟ್ಟು ಗುರುತಿಸದ ದಿನ ಅದೂ ಕೈಗೆ ಬಾರದು. ದುರ್ಬಲ ರೋಗಿ ಎಂದು ವರದಿಗಳು ಕರೆಯುವ ವ್ಯಕ್ತಿಯ ದೌರ್ಬಲ್ಯದಲ್ಲಿ ಅರ್ಧ ಪಾಲು ದೇಹದ್ದಲ್ಲ, ಈ ಅಲೆದಾಟದ್ದು.

ಆದ್ದರಿಂದ ಸೇವೆ ಮನೆಗೆ ಹೋಗಬೇಕು. ಕೇರಳ ಇದನ್ನು ಮೊದಲು ಅರ್ಥಮಾಡಿಕೊಂಡಿತು. 1993ರಲ್ಲಿ ಕೋಯಿಕ್ಕೋಡಿನಲ್ಲಿ ಹುಟ್ಟಿದ ಉಪಶಮನ ಆರೈಕೆಯ ಚಳವಳಿ 2008ರಲ್ಲಿ ರಾಜ್ಯದ ನೀತಿಯಾಯಿತು, ಮನೆಮನೆಗೆ ಹೋಗುವ ನರ್ಸುಗಳ ಹೊಣೆಯನ್ನು ಪಂಚಾಯಿತಿಗಳು ಹೊತ್ತವು. ತಮಿಳುನಾಡು 2021ರ ಆಗಸ್ಟ್‌ನಲ್ಲಿ ನಮ್ಮ ಗಡಿಗೆ ಅಂಟಿದ ಕೃಷ್ಣಗಿರಿ ಜಿಲ್ಲೆಯಿಂದಲೇ ಮನೆ ಬಾಗಿಲಿಗೆ ಬಿಪಿ, ಸಕ್ಕರೆ ಮಾತ್ರೆ ತಲುಪಿಸುವ ಯೋಜನೆ ಆರಂಭಿಸಿತು. ಅದರಲ್ಲಿ ಭೌತಚಿಕಿತ್ಸೆ, ಉಪಶಮನ ಆರೈಕೆಯೂ ಸೇರಿವೆ. ಕರ್ನಾಟಕದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಮೊದಲು ಶುರುವಾಯಿತು, ಮನೆಯಲ್ಲೇ ತಪಾಸಣೆ, ಮನೆಗೇ ಔಷಧ. ದಾರಿ ಸರಿಯಾಗಿದೆ. ನನ್ನ ಆಕ್ಷೇಪ ಒಂದೇ: ಮಾತ್ರೆ ತಲುಪಿಸುವುದನ್ನು ಮಾತ್ರ ಯಶಸ್ಸು ಎಂದು ಎಣಿಸಿದರೆ ಮೇಲೆ ವಿವರಿಸಿದ ಪ್ಲಾಸ್ಟಿಕ್ ಕವರಿಗೆ ಇನ್ನೊಂದು ಶೀಟು ಸೇರುತ್ತದೆ. ಮನೆಗೆ ಹೋದವರು ಕವರನ್ನು ಬಿಚ್ಚಿಸಿ, ಎಲ್ಲ ಮಾತ್ರೆಗಳ ಫೋಟೊವನ್ನು ವೈದ್ಯಾಧಿಕಾರಿಗೆ ಕಳಿಸಬೇಕು, ಬೇಡದ್ದನ್ನು ನಿಲ್ಲಿಸುವ ಅಧಿಕಾರವೂ ಹೊಣೆಯೂ ಆ ವೈದ್ಯಾಧಿಕಾರಿಗಿರಬೇಕು. "ಹೌದು" ಎಂದ ಹಿರಿಯರ ಮನೆಗೆ ಭೌತಚಿಕಿತ್ಸಕರು ಬರುವ ದಿನಾಂಕವನ್ನು ಅದೇ ನಮೂನೆಯಲ್ಲಿ ಬರೆಯಬೇಕು. ಮೂಳೆ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಮರಳಿದವರ ಬಿಡುಗಡೆ ಚೀಟಿಯ ಒಂದು ಪ್ರತಿ ಅದೇ ದಿನ ಆ ಊರಿನ ಉಪಕೇಂದ್ರಕ್ಕೆ ಹೋಗಬೇಕು. ಈಗ ಅದು ರೋಗಿಯ ದಿಂಬಿನಡಿ ಉಳಿಯುತ್ತದೆ.

ಇದಕ್ಕೆಲ್ಲ ಕೈಗಳೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸಾವಿರ ಜನರಿಗೊಬ್ಬ ಆಶಾ. ಗೌರವಧನಕ್ಕಾಗಿ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕಾದ ಅವರ ಮೇಲೆಯೇ ಮತ್ತೊಂದು ಹೊರೆ ಹೇರುವುದು ಸುಧಾರಣೆಯಾಗದು. ವಿಮೆಯಲ್ಲಿ ಹಾಸಿಗೆಗೆ ಮೀಸಲಾದ ಹಣದ ಸಣ್ಣ ಪಾಲನ್ನಾದರೂ ಮನೆ ಆರೈಕೆಯ ಸಿಬ್ಬಂದಿಗೆ ತಿರುಗಿಸದೆ ಈ ಮಾತುಗಳಿಗೆ ಅರ್ಥವಿಲ್ಲ. ಅದಕ್ಕಿಂತ ಮೊದಲು ಆಗಬೇಕಾದದ್ದು ಬಹಳ ಸರಳ. ಆರೋಗ್ಯ ಇಲಾಖೆ ಒಂದೇ ಜಿಲ್ಲೆಯನ್ನು ಆರಿಸಿಕೊಂಡು, ಆ ನಾಲ್ಕು ಪ್ರಶ್ನೆಗಳಿಗೆ "ಹೌದು" ಎಂದ ಹಿರಿಯರ ಪೈಕಿ ಎಷ್ಟು ಮಂದಿಯನ್ನು ಮೂರು ತಿಂಗಳೊಳಗೆ ವೈದ್ಯರಾಗಲಿ ಭೌತಚಿಕಿತ್ಸಕರಾಗಲಿ ಕಂಡರು ಎಂಬ ಲೆಕ್ಕವನ್ನು ಪ್ರಕಟಿಸಲಿ. ಹಿರಿಯರ ಹೆಸರಿನಲ್ಲಿ ಮುಂದಿನ ಯೋಜನೆಯ ಘೋಷಣೆ ಆಮೇಲೆ ಆಗಲಿ.